ದುಡ್ಡು ಹಾಕಿ ಉಳಿಸ್ಕೊಂಡ ಹಾಕಿ: ಆಂಕರೇಜ್ ಕಾಲೇಜ್ ಟೀಮಿನ ಬಜೆಟ್ ಕಥೆ

ಆಂಕರೇಜ್ ಅಣ್ಣಯ್ಯ

ಅಲಾಸ್ಕದಲ್ಲಿ ಕೂತು ಐಸ್ ಹಾಕಿ ಬಗ್ಗೆ ಕನ್ನಡದಲ್ಲಿ ಬರೆದ್ರೆ ಯಾರು ಓದ್ತಾರೆ ಅಂತ ಮನೆಯವಳು ನಗ್ತಿದ್ದಾಳೆ, ಓದ್ದಿದ್ರೂ ಪರ್ವಾಗಿಲ್ಲ, ಹೊಟ್ಟೆಯೊಳಗೆ ಇಟ್ಕೊಂಡು ಸಾಕಾಗಿದೆ.

ನಾನು ಇಲ್ಲಿಗೆ ಬಂದಿದ್ದು 2008ರಲ್ಲಿ. ತಿಪಟೂರಿನವನು, ಐಸ್ ಅಂದ್ರೆ ಜಾತ್ರೇಲಿ ಬಣ್ಣದ ನೀರು ಹಾಕಿ ಕೊಡ್ತಿದ್ದ ಕಡ್ಡಿ ಅಷ್ಟೇ ಗೊತ್ತು. ಡಿಸೆಂಬರ್ ಬಂದ್ರೆ ಇಲ್ಲಿ ಬೆಳಕು ಐದೂವರೆ ಗಂಟೆ, ಆಫೀಸಿಗೆ ಹೋಗುವಾಗ್ಲೂ ಕತ್ತಲೆ ಬರುವಾಗ್ಲೂ ಕತ್ತಲೆ, ಮೊದಲನೇ ವರ್ಷ ನಿಜವಾಗ್ಲೂ ತಲೆ ಕೆಟ್ಟೋಗಿತ್ತು. ಆಗ ಆಫೀಸಿನ ಒಬ್ರು ಹಿರಿಯರು ಎಳ್ಕೊಂಡು ಹೋಗಿದ್ದು ಸಲಿವನ್ ಅರೀನಾಗೆ, ಯೂನಿವರ್ಸಿಟಿ ಆಫ್ ಅಲಾಸ್ಕ ಆಂಕರೇಜಿನ ಸೀವುಲ್ವ್ಸ್ ಅನ್ನೋ ಟೀಮಿನ ಆಟಕ್ಕೆ. ಆರು ಸಾವಿರಕ್ಕೂ ಜಾಸ್ತಿ ಜನ ಹಿಡಿಯೋ ಜಾಗ, ಎದುರು ಟೀಮು ಮಿನ್ನೆಸೋಟ. ಪಕ್, ಅಂದ್ರೆ ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ, ಎಲ್ಲಿದೆ ಅಂತ ಒಂದು ಸಲಾನೂ ಕಾಣ್ಲಿಲ್ಲ ನಂಗೆ, ಜನ ಎದ್ದಾಗ ಎದ್ದೆ, ಕೂಗಿದಾಗ ಕೂಗ್ದೆ. ವಾಪಸ್ ಬರುವಾಗ ಕಾರಲ್ಲಿ ಗಂಟಲು ಹೋಗಿತ್ತು, ಆದ್ರೆ ಅಕ್ಟೋಬರಿಂದ ಮೊದಲನೇ ಸಲ ಮನುಷ್ಯರ ಜೊತೆ ಇದ್ದೀನಿ ಅನ್ನಿಸ್ತು.

ಅಲ್ಲಿಂದ ಶುಕ್ರವಾರ ಶನಿವಾರ ನಮ್ಮನೇಲಿ ಅಡಿಗೆ ಬೇಗ.

2020ರ ಆಗಸ್ಟಲ್ಲಿ ಚಾನ್ಸಲರ್ ಹೇಳಿದ್ರು, ಬಜೆಟ್ ಇಲ್ಲ, ಹಾಕಿ, ಜಿಮ್ನಾಸ್ಟಿಕ್ಸ್, ಆಲ್ಪೈನ್ ಸ್ಕೀಯಿಂಗ್ ನಿಲ್ಲಿಸ್ತೀವಿ, ವರ್ಷಕ್ಕೆ ಸುಮಾರು 25 ಲಕ್ಷ ಡಾಲರ್ ಉಳಿಯತ್ತೆ ಅಂತ. ಸೆಪ್ಟೆಂಬರಲ್ಲಿ ಯೂನಿವರ್ಸಿಟಿ ಆಡಳಿತ ಮಂಡಳಿ, ರೀಜೆಂಟ್ಸ್ ಬೋರ್ಡ್, ಹೂಂ ಅಂತು, ಜೊತೆಗೊಂದು ಬಾಗಿಲು ಸ್ವಲ್ಪ ತೆರೆದಿಟ್ರು: ಎರಡು ವರ್ಷದ ಖರ್ಚು ನೀವೇ ಜನರಿಂದ ಎತ್ಕೊಂಡು ಬನ್ನಿ, ಟೀಮ್ ವಾಪಸ್ ಕೊಡ್ತೀವಿ. ಹಾಕಿಗೆ 30 ಲಕ್ಷ ಡಾಲರ್. ಮೊದಲು ಕೊಟ್ಟ ಗಡುವು 2021 ಫೆಬ್ರವರಿ, ಆಮೇಲೆ ಆಗಸ್ಟಿಗೆ ಮುಂದೂಡಿದ್ರು. ಹಳೇ ಆಟಗಾರರು, ಅವರ ಅಪ್ಪ ಅಮ್ಮಂದಿರು, ಅಂಗಡಿಯವ್ರು, ನಮ್ಮಂತೋರು, ಆಗಿನ್ನೂ ಒಂದು ಆಟಾನೂ ಆಡದ ಸಿಯಾಟಲ್ ಕ್ರಾಕನ್ ಅನ್ನೋ ವೃತ್ತಿಪರ ಹಾಕಿ ಟೀಮು ಕೂಡ ಕೈ ಜೋಡಿಸ್ತು. ಆಗಸ್ಟ್ ಕೊನೇಲಿ ಗುರಿ ಮುಟ್ಟಿತು. 2022ರ ಶರತ್ಕಾಲದಲ್ಲಿ ಟೀಮ್ ಮತ್ತೆ ಐಸ್ ಮೇಲೆ ಇಳೀತು, ಕೋಚ್ ಮ್ಯಾಟ್ ಶಾಸ್ಬಿ, ಇದೇ ಟೀಮಿಗೆ ಆಡಿದ್ದ ಇದೇ ಊರಿನ ಹುಡುಗ.

ಎಲ್ರೂ ಇದನ್ನ ಗೆದ್ದ ಕಥೆ ಅಂತ ಹೇಳ್ತಾರೆ. ನಾನೂ ಅವತ್ತು ಅತ್ತಿದ್ದೀನಿ, ಸುಳ್ಳ್ಯಾಕೆ ಹೇಳ್ಲಿ. ಆದ್ರೆ ನನ್ನ ವಾದ ಏನಂದ್ರೆ, ಈ ಟೀಮನ್ನ ಕೊಂದಿದ್ದು ಆ 25 ಲಕ್ಷ ಅಲ್ವೇ ಅಲ್ಲ. ಬಜೆಟ್ ಹಾಳೆ ಮೇಲೆ ಸಹಿ ಬಿದ್ದಿದ್ದು 2020ರಲ್ಲಿ, ರೋಗ ಶುರುವಾಗಿದ್ದು ಅದಕ್ಕೂ ಹತ್ತು ವರ್ಷ ಮುಂಚೆ, ನಾಲ್ಕು ಸಾವಿರ ಮೈಲಿ ದೂರದ ಪೆನ್ಸಿಲ್ವೇನಿಯದಲ್ಲಿ. ಆಸಕ್ತಿ ಇದ್ರೆ ಹೇಳಿ, ಬಿಡಿಸಿ ಬರೀತೀನಿ.

ಲೆಕ್ಕದ ಮೇಷ್ಟ್ರು

ಭಾವನೆ ಎಲ್ಲ ಸರಿ ಅಣ್ಣಯ್ಯ, ಆದ್ರೆ ಒಂದು ಮಾತು. ನಿಮ್ಮ ಅದೇ ಯೂನಿವರ್ಸಿಟೀಲಿ 2019 ಜನವರೀಲಿ ಮೇಷ್ಟ್ರುಗಳನ್ನ ತಯಾರು ಮಾಡೋ ವಿಭಾಗಕ್ಕೆ ಮಾನ್ಯತೇನೇ ಹೋಗಿತ್ತು. 2020ರಲ್ಲಿ ಹತ್ತಾರು ಕೋರ್ಸುಗಳನ್ನ ಮುಚ್ಚಿದ್ರು. ಪಾಠ ಮಾಡೋಕೆ ದುಡ್ಡಿಲ್ಲ, ಆದ್ರೆ ಹುಡುಗ್ರು ಐಸ್ ಮೇಲೆ ಜಾರೋಕೆ ವಿಮಾನದ ಟಿಕೆಟ್ ಬೇಕು. ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ ತಾನೇ?

ಸರ್ಕಾರಿ ದುಡ್ಡಲ್ಲಿ ನಡೆಯೋ ಕಾಲೇಜು ಆಟ ಬೇಕಿದ್ರೆ ಆಟ ನೋಡೋರೇ ಕೊಡಲಿ. ಕೊಟ್ರಿ, ಬಂತು. ಇದ್ರಲ್ಲಿ ಅನ್ಯಾಯ ಎಲ್ಲಿದೆ ಅಂತ ನಂಗೆ ಕಾಣ್ತಿಲ್ಲ.

ಬಿಸಿಬೇಳೆ ಭಾಗ್ಯ

ಮೇಷ್ಟ್ರು ಬಂದ್ರು, ಇನ್ನು ಕಾಮೆಂಟು ನೂರು ದಾಟತ್ತೆ. ಅಣ್ಣಯ್ಯ ಬರೀರಿ, ಪೆನ್ಸಿಲ್ವೇನಿಯ ಎಲ್ಲಿಂದ ಬಂತು?

ಆಂಕರೇಜ್ ಅಣ್ಣಯ್ಯ

ಮೇಷ್ಟ್ರೇ ನಿಮ್ಮ ಪ್ರಶ್ನೆಗೆ ಬರ್ತೀನಿ, ಮೊದಲು ಭಾಗ್ಯ ಅವರಿಗೆ.

2010ರಲ್ಲಿ ಟೆರಿ ಪೆಗುಲ ಅಂತ ಒಬ್ಬರು ನೆಲದಡಿ ಗ್ಯಾಸ್ ತೆಗೆಯೋ ಕಂಪ್ನಿ ಮಾರಿ ಕೋಟ್ಯಧಿಪತಿ ಆಗಿದ್ರು, ತಾವು ಓದಿದ್ದ ಪೆನ್ಸಿಲ್ವೇನಿಯದ ಪೆನ್ ಸ್ಟೇಟ್ ಯೂನಿವರ್ಸಿಟಿಗೆ 8.8 ಕೋಟಿ ಡಾಲರ್ ಕೊಟ್ರು, ಹಾಕಿ ಟೀಮ್ ಕಟ್ಟಿ ಅಂತ. ತುಂಬ ಒಳ್ಳೇ ಕೆಲಸ, ಆಟಕ್ಕೆ ಅಷ್ಟು ದೊಡ್ಡ ದಾನ. ಆಮೇಲೆ ಇನ್ನೂ ಜಾಸ್ತಿ ಮಾಡಿದ್ರು. ಈಗ ನೋಡಿ ಆಟ. ಬಿಗ್ ಟೆನ್ ಅನ್ನೋ ದೊಡ್ಡ ಲೀಗಲ್ಲಿ ಹಾಕಿ ಆಡೋ ಕಾಲೇಜು ಅಲ್ಲಿವರೆಗೆ ಐದೇ ಇದ್ವು, ಅವು ಬೇರೆ ಬೇರೆ ಹಾಕಿ ಲೀಗುಗಳಲ್ಲಿ ಹಂಚಿಹೋಗಿದ್ವು. ಪೆನ್ ಸ್ಟೇಟ್ ಬಂದ ಕೂಡ್ಲೇ ಆರು ಆಯ್ತು. ಆರಾದ್ರೆ ಸ್ವಂತ ಲೀಗ್ ಮಾಡ್ಬಹುದು, ಸ್ವಂತ ಟಿವಿ ಚಾನಲ್ ಬೇರೆ ಇದೆ. 2013ರಲ್ಲಿ ಮಿನ್ನೆಸೋಟ, ವಿಸ್ಕಾನ್ಸಿನ್ ನಮ್ಮ ಲೀಗ್ ಡಬ್ಲ್ಯೂಸಿಎಚ್ಎ ಬಿಟ್ಟು ಎದ್ದೋದ್ವು. ಅವೆರಡು ಹೋದ್ಮೇಲೆ ಉಳಿದ ಬಲವಾದವು ಸುಮ್ನೆ ಇರ್ತಾವಾ, ನಾರ್ತ್ ಡಕೋಟ, ಡೆನ್ವರ್, ಕೊಲರಾಡೋ ಕಾಲೇಜು ಎಲ್ಲ ಸೇರ್ಕೊಂಡು ಎನ್‌ಸಿಎಚ್‌ಸಿ ಅಂತ ಇನ್ನೊಂದು ಮನೆ ಕಟ್ಕೊಂಡ್ವು. ನಮ್ಮ ಊರಿಗೆ ಬಂದು ಅರೀನಾ ತುಂಬಿಸ್ತಿದ್ದ ಹೆಸರುಗಳು ಒಂದೇ ಬೇಸಿಗೇಲಿ ಖಾಲಿ.

ಜನ ನಿಂತೋಯ್ತು. ಆರು ಸಾವಿರ ಸೀಟಿನ ಜಾಗದಲ್ಲಿ ಒಂದೂವರೆ ಸಾವಿರ ಜನ ಕೂತ್ರೆ ಹೇಗಿರತ್ತೆ ಗೊತ್ತಾ, ಮದುವೆ ಮನೇಲಿ ಮೂರನೇ ಪಂಕ್ತಿ ಖಾಲಿ ಎಲೆ ಥರ. ನಾನೂ ಕೆಲವು ಶನಿವಾರ ತಪ್ಪಿಸ್ದೆ, ಒಪ್ಕೋತೀನಿ. ಟಿಕೆಟ್ ದುಡ್ಡು ಇಳೀತು, ಟೀಮ್ ಸೋಲ್ತಾ ಹೋಯ್ತು, 2019ರಲ್ಲಿ ಬಾಡಿಗೆ ಉಳಿಸೋಕೆ ಕ್ಯಾಂಪಸ್ಸಿನ ಒಳಗಿನ ಹಳೇ ರಿಂಕಿಗೆ ಬಂದ್ರು, ಅದ್ರಲ್ಲಿ ಸಾವಿರ ಜನಾನೂ ಹಿಡಿಯಲ್ಲ. ಅಂದ್ರೆ ಖರ್ಚು ಕಮ್ಮಿ ಮಾಡೋಕೆ ಹೋಗಿ ವರಮಾನದ ಬಾಗಿಲೂ ಹಾಕಿದ ಹಾಗಾಯ್ತು. ಅದೇ ವರ್ಷ ಜೂನಲ್ಲಿ ಲೀಗಲ್ಲಿದ್ದ ಏಳು ಟೀಮು, ಮಿನ್ನೆಸೋಟ ಸ್ಟೇಟ್, ಮಿಚಿಗನ್ ಟೆಕ್, ಬೆಮಿಡ್ಜಿ, ಬೌಲಿಂಗ್ ಗ್ರೀನ್ ಮತ್ತೆ ಇನ್ನು ಮೂರು, ನಾವು ಬೇರೆ ಲೀಗ್ ಮಾಡ್ಕೋತೀವಿ ಅಂದ್ವು. ಬಾಯಲ್ಲಿ ಹೇಳಿದ್ದು ಭೌಗೋಳಿಕ ಅನುಕೂಲ ಅಂತ. ಅರ್ಥ ಇಷ್ಟೇ: ಅಲಾಸ್ಕಕ್ಕೆ ವಿಮಾನ ಹತ್ತೋಕೆ ಆಗಲ್ಲ, ಕೈ ಮುಗೀತೀವಿ.

ಆ ಜೂನಲ್ಲೇ, ಇನ್ನೊಂದು ಏಟು. ಗವರ್ನರ್ ಡನ್ಲೀವಿ ಯೂನಿವರ್ಸಿಟಿಗೆ ರಾಜ್ಯದಿಂದ ಬರ್ತಿದ್ದ ದುಡ್ಡಲ್ಲಿ ಸುಮಾರು 13 ಕೋಟಿ ಡಾಲರ್ ವೀಟೋ ಮಾಡಿದ್ರು. ಗಲಾಟೆ ಆಗಿ ಆಗಸ್ಟಲ್ಲಿ ರಾಜಿ ಆಯ್ತು, ಮೂರು ವರ್ಷದಲ್ಲಿ 7 ಕೋಟಿ ಕಡಿತ ಅಂತ. ಸೋ 2020ರಲ್ಲಿ ಕತ್ತರಿ ಹುಡುಕ್ತಾ ಬಂದೋರಿಗೆ ಕಣ್ಣಿಗೆ ಬಿದ್ದಿದ್ದು ಖಾಲಿ ಸೀಟು, ಲೀಗ್ ಕಳ್ಕೊಳ್ತಿದ್ದ ಟೀಮು. ಯಾರಿದ್ರೂ ಅದನ್ನೇ ಕತ್ತರಿಸ್ತಿದ್ರು, ಚಾನ್ಸಲರನ್ನ ನಾನು ಬೈಯಲ್ಲ.

ಲೆಕ್ಕದ ಮೇಷ್ಟ್ರು

ಹಾಗಾದ್ರೆ ನೀವೇ ಒಪ್ಕೊಂಡ್ರಿ. ಯಾರಿದ್ರೂ ಕತ್ತರಿಸ್ತಿದ್ರು ಅಂತ.

ಆಂಕರೇಜ್ ಅಣ್ಣಯ್ಯ

ಕತ್ತರಿಸಿದ್ದು ತಪ್ಪು ಅಂತ ನಾನು ಎಲ್ಲಿ ಹೇಳ್ದೆ? ಕಾರಣ ತಪ್ಪಾಗಿ ಬರೆದ್ರು ಅಂದೆ. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರು. ಕಾರಣ ತಪ್ಪಾದ್ರೆ ಔಷಧಿನೂ ತಪ್ಪಾಗತ್ತೆ, 30 ಲಕ್ಷ ತನ್ನಿ ಅಂದ್ರು, ತಂದ್ವಿ, ಲೀಗ್ ಎಲ್ಲಿಂದ ತರೋದು? ಅದನ್ನ ಕ್ರೌಡ್‌ಫಂಡಿಂಗಲ್ಲಿ ಎತ್ತೋಕಾಗತ್ತಾ?

ಹಂಟ್ಸ್‌ವಿಲ್ ಹುಬ್ಬಳ್ಳಿ

ಅಣ್ಣಯ್ಯಾರ ಮಾತು ಎಷ್ಟು ಖರೆ ಅಂತ ನಮ್ಮೂರಿನ ಕತಿ ಕೇಳ್ರಿ. ನಾ ಇರೋದು ಅಲಬಾಮಾದ ಹಂಟ್ಸ್‌ವಿಲ್ಲದಾಗ, ರಾಕೆಟ್ ಮಂದಿ ಊರು. ಇಷ್ಟು ಸೆಕಿ ಊರಾಗ ಐಸ್ ಹಾಕಿ ಎಲ್ಲಿಂದ ಬಂತು ಅಂತ ನನಗೂ ಗೊತ್ತಿರಲಿಲ್ಲ, ಆದ್ರ ಇಲ್ಲಿ ಯೂನಿವರ್ಸಿಟಿ ಟೀಮ್ ಯುಎಎಚ್ ಚಾರ್ಜರ್ಸ್ 1996ರಾಗ, 1998ರಾಗ ಡಿವಿಷನ್ ಎರಡರ, ಅಂದ್ರ ಎರಡನೇ ದರ್ಜೆಯ, ರಾಷ್ಟ್ರೀಯ ಚಾಂಪಿಯನ್ ಆಗಿದ್ರು. ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಗೋಲ್‌ಕೀಪರ್ ಕ್ಯಾಮ್ ಟಾಲ್ಬಟ್ ಇಲ್ಲೇ ಆಡಿದ ಹುಡುಗ.

2020 ಮೇ ತಿಂಗಳ ಕೊನೀಗೆ ಕೋವಿಡ್ ನೆಪ ಹೇಳಿ ಹಾಕಿ ಬಂದ್ ಅಂದ್ರು, ಅದರ ಜೋಡಿ ಟೆನಿಸ್ಸೂ. ಒಂದೇ ವಾರದಾಗ ಮಂದಿ ಕೂಡಿ ಏಳೂವರೆ ಲಕ್ಷ ಡಾಲರ್ ಎತ್ತಿದ್ರು ನೋಡ್ರಿ, ಹಳೇ ವಿದ್ಯಾರ್ಥಿಗಳು ಇಬ್ಬರು ದೊಡ್ಡ ಮೊತ್ತ ಹಾಕಿದ್ರು, ಉಳದದ್ದು ಹನಿ ಹನಿ. ನಾನೂ ಐವತ್ತು ಹಾಕಿದ್ದೆ. ಟೀಮ್ ಉಳೀತು. ಆದ್ರ ಶರತ್ತು ಏನಿತ್ತು, ಒಂದು ವರ್ಷದೊಳಗ ಹೊಸ ಲೀಗ್ ಹುಡುಕ್ರಿ. ಆ ಏಳು ಟೀಮ್ ಎದ್ದು ಹೋದ್ವು ಅಂತ ಅಣ್ಣಯ್ಯಾರು ಹೇಳಿದ್ರಲ್ಲ, ಅವು ಬಿಟ್ಟು ಹೋದ ಮೂರರಾಗ ಎರಡು ಅಲಾಸ್ಕದವು, ಮೂರನೇದು ನಮ್ದು. ಯಾವ ಲೀಗೂ ಕರೀಲಿಲ್ಲ. 2021 ಮೇದಾಗ ಮತ್ತ ಬಂದ್. ಇವತ್ತಿಗೂ ಬಂದೇ ಅದ.

ರೊಕ್ಕ ಇತ್ರೀ. ಆಡಾಕ ಎದುರಾಳಿ ಇರಲಿಲ್ಲ.

ಬಿಸಿಬೇಳೆ ಭಾಗ್ಯ

ಛೆ. ಐವತ್ತು ಡಾಲರ್ ವಾಪಸ್ ಬಂತಾ?

ಹಂಟ್ಸ್‌ವಿಲ್ ಹುಬ್ಬಳ್ಳಿ

ಒಂದು ಸೀಜನ್ ಆಡಿದ್ರಲ್ಲ ತಂಗಿ, ಅದಕ್ಕ ಖರ್ಚಾತು. ಕೋವಿಡ್ ಸೀಜನ್ ಬ್ಯಾರೆ.

ಪಿಟ್ಸ್‌ಬರ್ಗ್ ಪದ್ಮಕ್ಕ

ನಮ್ಮೂರಿನದನ್ನೂ ಸೇರಿಸ್ಕೊಳ್ಳಿ. ರಾಬರ್ಟ್ ಮಾರಿಸ್ ಅಂತ ಚಿಕ್ಕ ಖಾಸಗಿ ಯೂನಿವರ್ಸಿಟಿ. 2021 ಏಪ್ರಿಲಲ್ಲಿ ಕಾಲೇಜ್ ಹಾಕಿಯ ಅಂತಿಮ ಹಂತ, ಫ್ರೋಜನ್ ಫೋರ್, ಪಿಟ್ಸ್‌ಬರ್ಗಲ್ಲಿ ಆಯ್ತು, ಮ್ಯಾಸಚುಸೆಟ್ಸ್ ಗೆದ್ದಿದ್ದು. ಆತಿಥ್ಯ ವಹಿಸಿದ ಕಾಲೇಜು ಯಾವುದು? ಇದೇ ರಾಬರ್ಟ್ ಮಾರಿಸ್. ಅವರ ಹುಡುಗೀರ ಟೀಮು ಆ ವರ್ಷಾನೇ ಲೀಗ್ ಗೆದ್ದು ರಾಷ್ಟ್ರೀಯ ಟೂರ್ನಿಗೆ ಹೋಗಿತ್ತು. ಮೇ 26ಕ್ಕೆ ಗಂಡಸರದ್ದು ಹೆಂಗಸರದ್ದು ಎರಡೂ ಟೀಮು ರದ್ದು! ನೆಂಟರಿಗೆ ಹೋಳಿಗೆ ಬಡಿಸಿ ಕಳ್ಸಿ ಆಮೇಲೆ ಮನೆ ಮಕ್ಕಳನ್ನ ಆಚೆ ಹಾಕಿದ ಹಾಗೆ.

ನನ್ನ ಮಗಳು ಆಗ ಹನ್ನೊಂದು ವರ್ಷ, ರಿಂಕಲ್ಲಿ ಆ ಹುಡುಗೀರನ್ನ ನೋಡ್ಕೊಂಡೇ ಸ್ಕೇಟ್ ಕಲಿತಿದ್ದು. ಅವಳು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ, "ಗೆದ್ರೂ ತೆಗೀತಾರಾ ಅಮ್ಮ?" ಏನ್ ಹೇಳೋದು.

ಇಲ್ಲೂ ಜನ ದುಡ್ಡು ಎತ್ತಿದ್ರು, 2023ಕ್ಕೆ ಎರಡೂ ಟೀಮು ವಾಪಸ್ ಬಂದ್ವು. ಆದ್ರೆ ಆ ಎರಡು ವರ್ಷದಲ್ಲಿ ಇದ್ದ ಆಟಗಾರರೆಲ್ಲ ಬೇರೆ ಬೇರೆ ಕಾಲೇಜಿಗೆ ಚೆದುರಿಹೋದ್ರು, ಸೊನ್ನೆಯಿಂದ ಶುರು. ಅಣ್ಣಯ್ಯ ಹೇಳೋ ಲೀಗ್ ವಿಷಯ ಇಲ್ಲಿ ಉಲ್ಟಾ, ಇವರಿಗೆ ಹಳೇ ಲೀಗಲ್ಲೇ ಜಾಗ ಸಿಕ್ತು, ಅದಕ್ಕೇ ಬದುಕಿದ್ರು. ಬಸ್ಸಲ್ಲಿ ಹೋಗೋ ದೂರದಲ್ಲಿ ಎದುರಾಳಿಗಳು ಇದ್ದಾರೆ.

ನಾಪೋಕ್ಲು ನಾಣಯ್ಯ

ಕ್ಷಮಿಸಿ, ಹಾಕಿ ಅಂತ ನೋಡಿ ಓಡಿ ಬಂದೆ, ಇಲ್ಲಿ ನೋಡಿದ್ರೆ ಐಸು. ನಮ್ಮ ಕೊಡಗಲ್ಲಿ ಹಾಕಿ ಅಂದ್ರೆ ಮಣ್ಣು.

ಆದ್ರೂ ಓದ್ತಾ ಹೋದೆ. ನಮ್ಮಲ್ಲಿ 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾದಾಗ 60 ಟೀಮು. 2024ರಲ್ಲಿ ನಮ್ಮ ನಾಪೋಕ್ಲಲ್ಲಿ ಆದಾಗ 360 ಕುಟುಂಬ. ವರ್ಷಕ್ಕೊಂದು ಮನೆತನ ವಹಿಸ್ಕೊಂಡು ನಡೆಸ್ತದೆ, ಕಪ್ಪಿಗೆ ಅವರದೇ ಹೆಸರು, ಅಜ್ಜಂದಿರಿಂದ ಹಿಡಿದು ಮೊಮ್ಮಕ್ಕಳವರೆಗೆ ಒಂದೇ ಟೀಮಲ್ಲಿ ಆಡ್ತಾರೆ. ಅಥ್ಲೆಟಿಕ್ ಡಿಪಾರ್ಟ್‌ಮೆಂಟ್ ಅಂತ ಒಂದು ಇಲಾಖೆ ಇದ್ದಿದ್ರೆ ನಮ್ದನ್ನೂ ಯಾವತ್ತೋ ಯಾರೋ ಹಾಳೆ ಮೇಲೆ ಗೆರೆ ಎಳೀತಿದ್ರೇನೋ.

ನಂಗೆ ಅರ್ಥ ಆಗದ್ದು, ಆಟ ಕಾಲೇಜಿನ ಕೈಯಲ್ಲಿ ಯಾಕಿರ್ಬೇಕು? ಊರಿಂದು ಆದ್ರೆ ಊರೇ ನಡೆಸ್ಲಿ.

ಆಂಕರೇಜ್ ಅಣ್ಣಯ್ಯ

ನಾಣಯ್ಯನವರೇ ಬನ್ನಿ ಬನ್ನಿ, ಮಣ್ಣೋ ಐಸೋ ಕೋಲು ಒಂದೇ.

ಒಳ್ಳೇ ಪ್ರಶ್ನೆ. ಊರಿಂದೂ ಇತ್ತು ಸಾರ್ ಇಲ್ಲಿ. ಅಲಾಸ್ಕ ಏಸಸ್ ಅಂತ ವೃತ್ತಿಪರ ಟೀಮು, ಅದೇ ಸಲಿವನ್ ಅರೀನಾದಲ್ಲಿ ಆಡ್ತಿತ್ತು. 2017ರಲ್ಲಿ ನಷ್ಟ ತಾಳೋಕಾಗ್ದೆ ಮಾರಿದ್ರು, ಆ ಟೀಮು ಈಗ ದೇಶದ ಇನ್ನೊಂದು ತುದೀಲಿ ಮೇನ್ ರಾಜ್ಯದಲ್ಲಿದೆ. ಕಾಲೇಜಿನ ಟೀಮು ಕೊನೇಪಕ್ಷ ಎದ್ದು ಓಡಿಹೋಗಲ್ಲ, ಕ್ಯಾಂಪಸ್ ಎಲ್ಲಿಗೆ ಹೋಗತ್ತೆ? ಸ್ಕಾಟ್ ಗೋಮೆಜ್ ಈ ಊರಿನವನೇ, ಎನ್‌ಎಚ್‌ಎಲ್ಲಲ್ಲಿ 2000ದ ಅತ್ಯುತ್ತಮ ಹೊಸಬ ಪ್ರಶಸ್ತಿ ಗೆದ್ದವನು. ಸೀವುಲ್ವ್ಸ್‌ಗೆ ಆಡಿದ್ದ ಜೇ ಬೀಗಲ್ 2018ರಲ್ಲಿ ವಾಷಿಂಗ್ಟನ್ ಜೊತೆ ಆ ಲೀಗಿನ ಸ್ಟ್ಯಾನ್ಲಿ ಕಪ್ ಎತ್ತಿದ. ಇಲ್ಲಿನ ಮಕ್ಕಳಿಗೆ ಮೇಲೆ ಹತ್ತೋಕೆ ಊರಲ್ಲೇ ಇರೋ ಏಣಿಯ ಮೇಲಿನ ಮೆಟ್ಟಿಲು ಇದು.

ಇನ್ನೊಂದು, 1991ರಲ್ಲಿ ಈ ಟೀಮು ಬಾಸ್ಟನ್ನಿಗೇ ಹೋಗಿ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಲ್ಲಿ ಬಾಸ್ಟನ್ ಕಾಲೇಜನ್ನ ಸೋಲಿಸಿತ್ತು. ಆಗಿನ ಕೋಚ್ ಬ್ರಷ್ ಕ್ರಿಶ್ಚಿಯನ್ಸನ್, 1979ರಲ್ಲಿ ಟೀಮ್ ಶುರು ಮಾಡಿದವರೇ ಅವರು. ನಾನಾಗ ತಿಪಟೂರಲ್ಲಿ ಹೈಸ್ಕೂಲು. ಆದ್ರೂ ಇಲ್ಲಿನ ಹಳಬರು ಹೇಳೋದು ಕೇಳಿ ಕೇಳಿ ನಾನೇ ನೋಡಿದ ಹಾಗೆ ಹೇಳ್ತೀನಿ ಎಲ್ರಿಗೂ.

ಫೇರ್‌ಬ್ಯಾಂಕ್ಸ್ ಫ್ರೀಜರ್

ಅಣ್ಣಯ್ಯ 1991 ಬಿಟ್ರೆ ಬೇರೆ ಕಥೆ ಇಲ್ವಾ ನಿಮ್ಮೂರಿಗೆ? 😄

ನಾನು ಎದುರು ಪಾಳಯ, ಫೇರ್‌ಬ್ಯಾಂಕ್ಸಲ್ಲಿ ಪಿಎಚ್‌ಡಿ ಮಾಡ್ತಿರೋನು, ಅಲಾಸ್ಕದ ಇನ್ನೊಂದು ಕಾಲೇಜ್ ಟೀಮು ನಾನೂಕ್ಸ್ ಪಾರ್ಟಿ. ಮೈನಸ್ ನಲವತ್ತಲ್ಲಿ ನಮ್ಮ ಅರೀನಾ ಕಾರ್ಲ್‌ಸನ್ ಸೆಂಟರಿಗೆ ಹೋಗಿದ್ದೀನಿ, ಕಾರ್ ವಾಪಸ್ ಸ್ಟಾರ್ಟ್ ಆಗತ್ತೋ ಇಲ್ವೋ ಅನ್ನೋದು ಮೂರನೇ ಪೀರಿಯಡ್ಡಲ್ಲಿ ಗೋಲಿಗಿಂತ ದೊಡ್ಡ ಟೆನ್ಷನ್.

ಒಂದು ವಿಷ್ಯ ಮಾತ್ರ ಸೀರಿಯಸ್ಸಾಗಿ. ನಮ್ಮ ಟೀಮನ್ನ ತೆಗೀಲಿಲ್ಲ, ಆದ್ರೆ ಆಂಕರೇಜ್ ಹೋದಾಗ ನಾವೂ ಅರ್ಧ ಸತ್ತ ಹಾಗೇ. ಯಾಕಂದ್ರೆ ಬೇರೆ ಟೀಮು ಅಲಾಸ್ಕಕ್ಕೆ ಬಂದ್ರೆ ಒಂದು ವಾರ ಫೇರ್‌ಬ್ಯಾಂಕ್ಸು ಇನ್ನೊಂದು ವಾರ ಆಂಕರೇಜು ಅಂತ ಜೋಡಿಸ್ಕೊಳ್ಳೋ ಆಸೆ ತೋರ್ಸಬಹುದು, ಒಂದೇ ಇದ್ರೆ ಯಾರು ಬರ್ತಾರೆ? ಕಾಲೇಜ್ ಆಟಗಳ ಮಂಡಳಿ ಎನ್‌ಸಿಎಎ ನಿಯಮದಲ್ಲಿ ಅಲಾಸ್ಕದಲ್ಲಿ ಆಡಿದ ಆಟ ಒಂದು ಸೀಜನ್ನಿಗೆ 34 ಆಟ ಅನ್ನೋ ಮಿತಿ ಲೆಕ್ಕಕ್ಕೆ ಬರಲ್ಲ, ಅಂದ್ರೆ ಇಲ್ಲಿ ಬಂದ್ರೆ ಅವರಿಗೆ ಬೋನಸ್ ಆಟ. ಅದೊಂದೇ ನಮ್ಮ ಕೈಯಲ್ಲಿರೋ ಕಡಲೆಕಾಯಿ, ಅದನ್ನ ತೋರಿಸೇ ಕರೀಬೇಕು. ಲೀಗಿಲ್ಲದ ಟೀಮಿನ ವೇಳಾಪಟ್ಟಿ ಅಂದ್ರೆ ಭಿಕ್ಷಾಟನೆ, ಫೆಬ್ರವರೀಲಿ ಎಲ್ರೂ ತಂತಮ್ಮ ಲೀಗ್ ಆಟದಲ್ಲಿ ಬಿಜಿ, ಆಗ ನಮ್ಮ ಜೊತೆ ಆಡೋಕೆ ಯಾರು ಸಿಗ್ತಾರೆ, ನಾವು ನಾವೇ. 580 ಕಿಲೋಮೀಟರ್ ದೂರದ ಪಕ್ಕದ್ಮನೆಯವರ ಜೊತೆ ಗವರ್ನರ್ಸ್ ಕಪ್ಪು ಕಪ್ಪು ಅಂತ ಕಚ್ಚಾಡೋದು.

2022-23ರಲ್ಲಿ ನಾವು 22 ಆಟ ಗೆದ್ವಿ. ಆದ್ರೂ ರಾಷ್ಟ್ರೀಯ ಟೂರ್ನಿಗೆ ಸ್ವಲ್ಪದರಲ್ಲಿ ತಪ್ಪೋಯ್ತು. ಲೀಗ್ ಇದ್ದಿದ್ರೆ ಲೀಗ್ ಕಪ್ ಗೆದ್ದಾದ್ರೂ ನೇರ ಹೋಗೋ ಒಂದು ದಾರಿ ಇರ್ತಿತ್ತು.

ಲೆಕ್ಕದ ಮೇಷ್ಟ್ರು

ಸರಿ, ನಾನು ಹಠ ಹಿಡಿಯಲ್ಲ, ಲೀಗಿನ ವಿಷಯ ಹೊಸದಾಗಿ ಗೊತ್ತಾಯ್ತು. ಆದ್ರೂ ಮೂಲ ಪ್ರಶ್ನೆ ಹಾಗೇ ಇದೆ. ಸಾಮಾನ್ಯವಾಗಿ ಜನ ಅಮೆರಿಕದಲ್ಲಿ ಫುಟ್‌ಬಾಲ್ ಎಲ್ಲಾ ತಿಂದು ಹಾಕ್ತಿದೆ, ಅದಕ್ಕೇ ಸಣ್ಣ ಆಟ ಸಾಯ್ತಿವೆ ಅಂತಾರೆ. ಆಂಕರೇಜಿಗೆ ಫುಟ್‌ಬಾಲ್ ಟೀಮೇ ಇಲ್ಲ! ರಾಬರ್ಟ್ ಮಾರಿಸಲ್ಲಿ ಇರೋದು ಚಿಕ್ಕದು. ಹಾಗಾದ್ರೆ ಯಾರ ಮೇಲೆ ಹಾಕೋದು?

ಮತ್ತೆ ಅಲಾಸ್ಕದ ಜನಕ್ಕೆ ರಾಜ್ಯ ವರ್ಷಾ ವರ್ಷಾ ಎಣ್ಣೆ ದುಡ್ಡಿನ ಡಿವಿಡೆಂಡ್ ಕೊಡತ್ತೆ. 2019ರಲ್ಲಿ ತಲೆಗೆ 1,606 ಡಾಲರ್. ಆದಾಯ ತೆರಿಗೆ ರಾಜ್ಯದ್ದು ಸೊನ್ನೆ. ಮನೇಲಿ ನಾಲ್ಕು ಜನ ಇದ್ರೆ ಲೆಕ್ಕ ಹಾಕಿ. ಅದನ್ನ ಕಮ್ಮಿ ಮಾಡಿ ಕಾಲೇಜಿಗೆ ಕೊಡಿ ಅಂದ್ರೆ ನೀವುಗಳೇ ಓಟು ಹಾಕಲ್ಲ. ಆ ಗವರ್ನರು ಗೆದ್ದಿದ್ದೇ ಪೂರ್ತಿ ಡಿವಿಡೆಂಡ್ ಕೊಡ್ತೀನಿ ಅಂತ ತಾನೇ?

ಆಂಕರೇಜ್ ಅಣ್ಣಯ್ಯ

ಮೇಷ್ಟ್ರೇ ಇದು ಮಾತ್ರ ಸರಿಯಾಗಿ ತಗಲ್ತು. ಉತ್ತರ ಇಲ್ಲ ಅಂತ ಅಲ್ಲ, ಉತ್ತರ ನಾಚಿಕೆಯದ್ದು.

ಅಕ್ಟೋಬರ್ ಬಂದ್ರೆ ಈ ಊರಲ್ಲಿ ಟಿವಿ ಅಂಗಡಿ, ವಿಮಾನ ಕಂಪ್ನಿ, ಟೈರ್ ಅಂಗಡಿ ಎಲ್ಲ ಡಿವಿಡೆಂಡ್ ಸೇಲ್ ಹಾಕ್ತಾರೆ, ನಮ್ಮ ಕಡೆ ಯುಗಾದಿಗೆ ಬಟ್ಟೆ ಅಂಗಡಿ ಹಾಕಿದ ಹಾಗೆ. ನಾನೂ ಆ ದುಡ್ಡಲ್ಲಿ ಎರಡು ಸಲ ಬೆಂಗಳೂರು ಟಿಕೆಟ್ ತಗೊಂಡಿದ್ದೀನಿ. ಎಣ್ಣೆ ಬೆಲೆ ಬಿದ್ದಾಗ ರಾಜ್ಯದ ಬೊಕ್ಕಸ ಖಾಲಿ, ಆಗ ಎದುರು ಬದುರು ನಿಂತಿದ್ದು ಡಿವಿಡೆಂಡು ಮತ್ತೆ ಯೂನಿವರ್ಸಿಟಿ. ಒಂದು ಕಡೆ ಪ್ರತಿ ಮನೆ ಕೈಗೆ ಬರೋ ಚೆಕ್ಕು, ಇನ್ನೊಂದು ಕಡೆ ಯಾರದೋ ಮಕ್ಕಳ ಕಾಲೇಜು. ಯಾವ್ದು ಗೆಲ್ಲತ್ತೆ?

2020ರಲ್ಲಿ ಡಿವಿಡೆಂಡು 992 ಡಾಲರ್ ಬಂತು. ನನ್ನ ಪಾಲಿಂದು ಅಷ್ಟೂ ಹಾಕಿಗೆ ಹಾಕ್ದೆ. ಮನೆಯವಳು ಒಂದು ಮಾತೂ ಆಡ್ಲಿಲ್ಲ, ಅವಳದ್ದರಲ್ಲಿ ಅರ್ಧ ಜಿಮ್ನಾಸ್ಟಿಕ್ಸಿಗೆ ಕೊಟ್ಲು. ಆ ಹುಡುಗೀರು ಅವರ ಗುರಿ ನಮಗಿಂತ ಮುಂಚೆ ಮುಟ್ಟಿದ್ರು, ಯಾವಾಗ್ಲೂ ಹೇಳಿ ಹಂಗಿಸ್ತಾಳೆ. ಹಾಗಂತ ನಾನು ಪುಣ್ಯಾತ್ಮ ಅಂತಲ್ಲ, ರಾಜ್ಯ ನನಗೆ ಕೊಟ್ಟ ಎಣ್ಣೆ ದುಡ್ಡನ್ನ ನಾನು ರಾಜ್ಯದ ಕಾಲೇಜಿಗೆ ವಾಪಸ್ ಕೊಟ್ಟೆ, ಮಧ್ಯದಲ್ಲಿ ಒಂದು ಸಮಿತಿ, ಒಂದು ವೆಬ್‌ಸೈಟು, ಹನ್ನೆರಡು ತಿಂಗಳ ಟೆನ್ಷನ್. ನೇರವಾಗೇ ಕೊಡಬಹುದಿತ್ತಲ್ಲ ಅಂತ ಈಗ್ಲೂ ಅನ್ಸತ್ತೆ.

ಕಳ್ಳಿಗಿಡ ಕುಮಾರ

ಫೀನಿಕ್ಸಿಂದ. ನಮ್ಮಲ್ಲಿ ಉಲ್ಟಾ ಕಥೆ, ಮರುಭೂಮೀಲಿ ಹಾಕಿ ಹುಟ್ಟಿತು. ಅರಿಜೋನಾ ಸ್ಟೇಟಲ್ಲಿ ದಾನಿಗಳು 3.2 ಕೋಟಿ ಡಾಲರ್ ಕೊಟ್ಟಿದ್ದಕ್ಕೆ 2015ರಲ್ಲಿ ಡಿವಿಷನ್ ಒಂದಕ್ಕೆ ಬಂದ್ರು, 2022ರಲ್ಲಿ ಐದು ಸಾವಿರ ಸೀಟಿನ ಹೊಸ ಅರೀನಾ, 2024ರಿಂದ ಅಣ್ಣಯ್ಯ ಹೇಳಿದ ಅದೇ ಎನ್‌ಸಿಎಚ್‌ಸಿ ಲೀಗಲ್ಲಿ ಸದಸ್ಯ. ಹೊರಗೆ 40 ಡಿಗ್ರಿ ಸೆಲ್ಸಿಯಸ್, ಒಳಗೆ ಐಸು. ನೀವು ಅಲಾಸ್ಕದಲ್ಲಿ ಐಸ್ ಇಟ್ಕೊಂಡು ಲೀಗಿಲ್ಲ ಅಂತಿದ್ದೀರ, ನಾವು ಲೀಗ್ ಇಟ್ಕೊಂಡು ಐಸ್ ತಯಾರ್ ಮಾಡ್ತಿದ್ದೀವಿ. ನಾನೂ ಟಿಕೆಟ್ ತಗೊಂಡು ನೋಡೋನೇ, ತಪ್ಪು ಅನ್ನಲ್ಲ, ಆದ್ರೆ ನಿಮ್ಮದನ್ನ ಓದಿ ಸ್ವಲ್ಪ ಮುಜುಗರ ಆಯ್ತು.

ಬಿಸಿಬೇಳೆ ಭಾಗ್ಯ

ಒಂದು ಡೌಟು. ಈಗ ಬಂದಿರೋ ಹೊಸ ತೀರ್ಪು, ಆಟಗಾರರಿಗೆ ಕಾಲೇಜೇ ದುಡ್ಡು ಕೊಡ್ಬೇಕು ಅಂತ, ಅದ್ರಿಂದ ಇದೆಲ್ಲ ಇನ್ನೂ ಹದಗೆಡತ್ತಾ?

ಪಿಟ್ಸ್‌ಬರ್ಗ್ ಪದ್ಮಕ್ಕ

ಕೊಡ್ಲೇಬೇಕು ಅಂತಲ್ಲ ಭಾಗ್ಯ, ಕೊಡಬಹುದು ಅಂತ. 2025 ಜೂನ್ 6ಕ್ಕೆ ಕೋರ್ಟು ಒಪ್ಪಿದ, ಹೌಸ್ ಅನ್ನೋ ಆಟಗಾರನ ಕೇಸಿನ ಒಪ್ಪಂದ. ಹಳೇ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ, ಮುಂದಕ್ಕೆ ಒಂದು ಕಾಲೇಜು ಮೊದಲನೇ ವರ್ಷ 2.05 ಕೋಟಿ ಡಾಲರ್ ತನಕ ಆಟಗಾರರಿಗೆ ಹಂಚಬಹುದು. ಹಂಚಿದ್ರೆ ಬಹುಪಾಲು ಹೋಗೋದು ಫುಟ್‌ಬಾಲು, ಬ್ಯಾಸ್ಕೆಟ್‌ಬಾಲಿಗೆ. ಆ ಎರಡು ಕೋಟಿ ಎಲ್ಲಿಂದಲೋ ಬರ್ಬೇಕಲ್ಲ, ಅಲ್ಲಿ ಸಣ್ಣ ಆಟಗಳ ಮೇಲೆ ಕಣ್ಣು. ನ್ಯಾಯವಾಗಿ ನೋಡಿದ್ರೆ ಇಷ್ಟು ವರ್ಷ ಆ ಹುಡುಗ್ರ ಬೆವರಿಂದ ನಡೀತಿದ್ದ ಸಂಸಾರ, ಈಗ ಅವರು ಪಾಲು ಕೇಳಿದ್ದಾರೆ, ಅದನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ.

ಆದ್ರೆ ದುಡ್ಡಿದ್ದೋರೂ ಕತ್ತರಿಸ್ತಾರೆ ಅನ್ನೋದು ಮರೀಬೇಡಿ. 2020 ಜುಲೈಯಲ್ಲಿ ಸ್ಟ್ಯಾನ್‌ಫರ್ಡು, ಅಂಥಾ ಸ್ಟ್ಯಾನ್‌ಫರ್ಡು, 11 ಆಟ ತೆಗೀತೀವಿ ಅಂತು. ನಾಣಯ್ಯನವರೇ ಅದ್ರಲ್ಲಿ ನಿಮ್ಮ ಮಣ್ಣಿನ ಹಾಕೀನೂ ಇತ್ತು. ಹಳೇ ವಿದ್ಯಾರ್ಥಿಗಳು ಬಿಡ್ಲಿಲ್ಲ, ಕೋರ್ಟಿಗೂ ಹೋದ್ರು, ಮುಂದಿನ ಮೇ ತಿಂಗಳಲ್ಲಿ ಹನ್ನೊಂದನ್ನೂ ವಾಪಸ್ ತಗೊಂಡ್ರು.

ಫೇರ್‌ಬ್ಯಾಂಕ್ಸ್ ಫ್ರೀಜರ್

ನಮ್ಮಂಥ ಬಡವರಿಗೆ ತೊಂದ್ರೆ ಬೇರೆ ಕಡೆಯಿಂದ. ಮೊದಲು ಒಂದು ಹಾಕಿ ಟೀಮಿಗೆ 18 ಸ್ಕಾಲರ್‌ಶಿಪ್ ಮಿತಿ, ಎಲ್ರಿಗೂ ಒಂದೇ. ಈಗ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜಿಗೆ ಆ ಮಿತಿ ಇಲ್ಲ, 26 ಆಟಗಾರರು, 26ಕ್ಕೂ ಪೂರ್ತಿ ಕೊಡಬಹುದು. ಅದರ ಮೇಲೆ 2025 ಆಗಸ್ಟಿಂದ ಕೆನಡಾದ ಮೇಜರ್ ಜೂನಿಯರ್, ಅಂದ್ರೆ ಅಲ್ಲಿನ ದೊಡ್ಡ ಕಿರಿಯರ ಲೀಗಿನ, ಹುಡುಗ್ರಿಗೂ ಬಾಗಿಲು ತೆರೆದ್ರು, ಅಲ್ಲಿನ ಸ್ಟಾರ್ ಹುಡುಗ ಗ್ಯಾವಿನ್ ಮೆಕೆನ್ನ ಅಂಥವನು ಎಲ್ಲಿಗೆ ಹೋದ ಹೇಳಿ? ಪೆನ್ ಸ್ಟೇಟು! ಅಣ್ಣಯ್ಯನ ಕಥೆಗೆ ತಿರುಗಿ ಬಂದ್ವಿ ನೋಡಿ.

ಆಂಕರೇಜ್ ಅಣ್ಣಯ್ಯ

ಅಯ್ಯೋ ಆ ಹೆಸರು ಮತ್ತೆ ಹೇಳ್ಬೇಡ ಮಾರಾಯ.

ಆದ್ರೆ ನಿಜ. ಈಗ ನಮ್ಮ ಕೋಚು ಒಬ್ಬ ಹುಡುಗನ್ನ ಕೈ ಹಿಡಿದು ತಿದ್ದಿ ಇಪ್ಪತ್ತು ಗೋಲು ಹೊಡಿಯೋ ಹಾಗೆ ಮಾಡಿದ್ರೆ, ಏಪ್ರಿಲಲ್ಲಿ ಅವನು ಟ್ರಾನ್ಸ್‌ಫರ್ ಪೋರ್ಟಲ್ಲಲ್ಲಿ, ಅಂದ್ರೆ ಬೇರೆ ಕಾಲೇಜಿಗೆ ಹೋಗೋರ ಪಟ್ಟೀಲಿ. ತೆಂಗಿನ ಸಸಿ ನಮ್ದು, ನೀರು ನಮ್ದು, ಎಳನೀರು ಕುಡಿಯೋರು ಬೇರೆ. ಹುಡುಗನ್ನ ಬೈಯಲ್ಲ, ಅವನಿಗೆ ಇಪ್ಪತ್ತೊಂದು ವರ್ಷ, ಯಾರೋ ದುಡ್ಡು ಕೊಡ್ತೀನಿ ಅಂದ್ರೆ ಹೋಗದೇ ಇರ್ತಾನಾ, ನಾನೇ ತಿಪಟೂರು ಬಿಟ್ಟು ಬಂದಿಲ್ವಾ.

ಮೇಷ್ಟ್ರು ಮೊದಲು ಕೇಳಿದ್ದಕ್ಕೆ ನೇರ ಹೇಳ್ಬಿಡ್ತೀನಿ, ನೋಡೋರೇ ಕೊಡಲಿ ಅಂದ್ರಲ್ಲ. ಎರಡು ವರ್ಷದ ದುಡ್ಡು ಒಂದ್ಸಲ ಎತ್ತಬಹುದು, ಜನಕ್ಕೆ ರೋಷ ಇರತ್ತೆ. ಮೂರನೇ ವರ್ಷ, ಏಳನೇ ವರ್ಷ ರೋಷ ಎಲ್ಲಿಂದ ತರ್ಲಿ? ಗೆದ್ದ ಮಾರನೇ ದಿನವೇ ಸಮಿತಿಯೋರು ಮುಂದಿನ ವರ್ಷದ ಲೆಕ್ಕ ಹಿಡ್ಕೊಂಡು ಕೂತಿದ್ರು. ಈಗ ಪ್ರತಿ ಆಟಕ್ಕೂ ಒಂದು ಮೂಲೇಲಿ ಲಾಟರಿ, ಒಂದು ಮೂಲೇಲಿ ಜರ್ಸಿ ಹರಾಜು. ಮೊದಲು ನಾನು ಅಭಿಮಾನಿ, ಈಗ ಅರ್ಧ ಷೇರುದಾರ ಥರ ಆಗ್ಬಿಟ್ಟಿದ್ದೀನಿ, ಗೋಲು ಬಿದ್ರೆ ಕೂಗೋಕೆ ಮುಂಚೆ ಎಷ್ಟು ಸೀಟು ತುಂಬಿದೆ ಅಂತ ಎಣಿಸ್ತೀನಿ. ಇದು ನನ್ನಿಂದ ಕಿತ್ಕೊಂಡಿದ್ದು, ಇದರ ಲೆಕ್ಕ ಯಾವ ಹಾಳೇಲೂ ಇಲ್ಲ.

ಲೆಕ್ಕದ ಮೇಷ್ಟ್ರು

ಈ ಒಂದು ಪ್ಯಾರಾ ಮೊದಲೇ ಬರೆದಿದ್ರೆ ನಾನು ಇಷ್ಟು ಜಗಳ ಆಡ್ತಿರ್ಲಿಲ್ಲ. ಮಾನ್ಯತೆ ವಿಷಯದಲ್ಲಿ ಮಾತ್ರ ನನ್ನ ಮಾತು ನಂದೇ.

ನಾಪೋಕ್ಲು ನಾಣಯ್ಯ

ಅಣ್ಣಯ್ಯ, ನನ್ನ ತಂಗಿ ಮಗ ಸಿಯಾಟಲಲ್ಲಿ ಇದ್ದಾನೆ. ಜನವರೀಲಿ ನಾನು ಅಲ್ಲಿಗೆ ಬರ್ತಿದ್ದೀನಿ. ಅಲ್ಲಿಂದ ಆಂಕರೇಜ್ ಎಷ್ಟು ದೂರ? ಒಂದು ಸಲ ಈ ಐಸಿನ ಹಾಕಿ ಕಣ್ಣಾರೆ ನೋಡ್ಬೇಕು ಅನ್ನಿಸ್ತಿದೆ.

ಆಂಕರೇಜ್ ಅಣ್ಣಯ್ಯ

ವಿಮಾನದಲ್ಲಿ ಮೂರೂವರೆ ಗಂಟೆ ಅಷ್ಟೇ, ಬನ್ನಿ. ಫೇರ್‌ಬ್ಯಾಂಕ್ಸ್ ಜೊತೆ ಆಟ ಇರೋ ವಾರ ನೋಡಿ ತಿಳಿಸ್ತೀನಿ, ಆ ಫ್ರೀಜರ್ ಹುಡುಗನೂ ಬರಲಿ, ಒಂದೇ ಸಾಲಲ್ಲಿ ಕೂರೋಣ. ಹಸಿರು ಬಣ್ಣದ ಟೋಪಿ ನಾನೇ ಕೊಡ್ತೀನಿ. ರಿಂಕ್ ಒಳಗೂ ಚಳಿ ಇರತ್ತೆ, ಒಳಗೆ ಹೋದ್ರೆ ಬೆಚ್ಚಗಿರತ್ತೆ ಅಂತ ನಾನು ಮೊದಲನೇ ಸಲ ತೆಳು ಸ್ವೆಟರ್ ಹಾಕ್ಕೊಂಡು ಹೋಗಿ ನಡುಗಿದ್ದೆ.

ನಾಪೋಕ್ಲು ನಾಣಯ್ಯ

ಚಳಿಗೆ ನಮ್ಮ ಊರಿಂದ ಏನು ತರ್ಬೇಕು ಅಂತ ನನಗೆ ಗೊತ್ತು, ಕಸ್ಟಮ್ಸ್‌ನೋರು ಬಿಟ್ರೆ ಸಾಕು.

ಹಂಟ್ಸ್‌ವಿಲ್ ಹುಬ್ಬಳ್ಳಿ

ನನಗೂ ಒಂದು ಸೀಟ್ ಹಿಡೀರಿ. ನಮ್ಮೂರಾಗ ನೋಡಾಕ ಏನೂ ಉಳದಿಲ್ಲ.